ಬೋಗಿಯ ಮೂತಿಗಿಂತ ಸೀಟು ಮುಖ್ಯ

12 ಜೂನ್ 2024, ಬುಧವಾರ

ರಸ್ತೆಯಲ್ಲೂ ಓಡುವ ಲೈಟ್ ರೈಲಿಗೆ ಹೊಸ ಬೋಗಿ ಬರುತ್ತದೆ ಅಂದರೆ ಯಾವ ಊರಲ್ಲೂ ಮೊದಲು ಹೊರಬೀಳುವುದು ಅದರ ಮೂತಿಯ ಚಿತ್ರ. ಮೂರೋ ನಾಲ್ಕೋ ನಮೂನೆ ತೋರಿಸಿ ‘ನಿಮಗೆ ಯಾವುದು ಇಷ್ಟ’ ಅಂತ ಜನರನ್ನು ಕೇಳುತ್ತಾರೆ. ಮೂತಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ ಹತ್ತು ಸೆಕೆಂಡು ಕಾಣುವುದು. ಸೀಟು, ಬಾಗಿಲು, ಹಿಡಿಕೆ ಕಂಬ ಇವುಗಳ ಜೊತೆ ಮಾತ್ರ ಮೂವತ್ತು ವರ್ಷ ಬಾಳಬೇಕು. ಯಾವುದನ್ನು ಯಾವಾಗ ತೀರ್ಮಾನಿಸಬೇಕು, ತಡವಾದರೆ ಎಲ್ಲಿ ಕೈಕೊಡುತ್ತದೆ ಅನ್ನುವುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ನಗರ ಸಾರಿಗೆ ಮ್ಯೂನಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅದಕ್ಕೇ ಇವತ್ತಿನ ಪುಟ ಪೂರ್ತಿ ಅದಕ್ಕೆ.

ಮೊದಲು ಹಿನ್ನೆಲೆ. ಮಾರ್ಕೆಟ್ ಸ್ಟ್ರೀಟ್ ಕೆಳಗಿನ ಸುರಂಗದಲ್ಲಿ 1980ರಿಂದ ಓಡಿದ್ದು ಬೋಯಿಂಗ್ ವರ್ಟಾಲ್ ಬೋಗಿಗಳು. ಹೆಲಿಕಾಪ್ಟರ್ ಕಂಪನಿ ಕಟ್ಟಿದ ರೈಲು. ಅದರ ಬಾಗಿಲುಗಳೇ ಅದರ ಕುಖ್ಯಾತಿ. ಇದೇ ಬೋಗಿ ಕೊಂಡ ಬಾಸ್ಟನ್‌ನವರು ಕೊನೆಗೆ ಬಾಗಿಲನ್ನೇ ಕಿತ್ತು ಮಡಚುವ ಬಾಗಿಲು ಹಾಕಿಸಿದರು. 1990ರ ದಶಕದ ಕೊನೆಯಲ್ಲಿ ಇಟಲಿಯ ಬ್ರೆಡಾ ಬೋಗಿಗಳು ಬಂದವು, ಒಟ್ಟು 151. ಅವುಗಳ ಜಾಗಕ್ಕೆ ಬಂದದ್ದು ಸೀಮೆನ್ಸ್‌ನ ಎಸ್‌200. ಕಟ್ಟಿದ್ದು ಪಕ್ಕದ ಸ್ಯಾಕ್ರಮೆಂಟೋದ ಕಾರ್ಖಾನೆಯಲ್ಲಿ. 2014ರಲ್ಲಿ ಒಪ್ಪಂದ, 2017ರ ನವೆಂಬರ್‌ನಲ್ಲಿ ಮೊದಲ ಬೋಗಿ ಜನರನ್ನು ಹತ್ತಿಸಿಕೊಂಡಿತು. ಸೇರ್ಪಡೆಗಳೆಲ್ಲ ಕೂಡಿ 249 ಬೋಗಿಗಳ ಲೆಕ್ಕ. ಉದ್ದ 75 ಅಡಿ, ಅಗಲ 2.65 ಮೀಟರ್. ಈ ಅಗಲದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಸೀಟಿನ ಜಗಳವೆಲ್ಲ ಇದರೊಳಗೇ ನಡೆಯುವುದು.

ಈಗ ಮೂತಿ. ಲೈಟ್ ರೈಲು ಬೋಗಿಯ ಮುಖ ಅನ್ನುವುದು ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ ಫೈಬರ್ ಮುಖವಾಡ. ಡಿಕ್ಕಿಯ ಪೆಟ್ಟು ತಾಳುವುದು ಹಿಂದಿನ ಕಂಬಗಳು, ಮುಖವಾಡ ಅಲ್ಲ. ಕೆನಡಾದ ಕ್ಯಾಲ್ಗರಿ ತೆಗೆದುಕೊಂಡದ್ದೂ ಇದೇ ಎಸ್‌200 ಕುಟುಂಬದ ಬೋಗಿ. 2013ರಲ್ಲಿ 63ಕ್ಕೆ ಆರ್ಡರ್ ಕೊಟ್ಟು, ಮುಖದ ನಮೂನೆಯನ್ನು ಜನರ ಮತಕ್ಕೆ ಬಿಟ್ಟರು. ಐಸ್ ಹಾಕಿ ಗೋಲಿಯ ಮುಖಕವಚದಂಥ ಮೂತಿ ಬಂತು, ‘ಮಾಸ್ಕ್’ ಅನ್ನುವ ಹೆಸರೇ ನಿಂತಿತು. ಸ್ಯಾನ್ ಫ್ರಾನ್ಸಿಸ್ಕೋದ ಬೋಗಿ ಪಕ್ಕ ನಿಲ್ಲಿಸಿದರೆ ಅಣ್ಣತಮ್ಮ ಅಂತ ಯಾರೂ ಹೇಳಲಾರರು. ಹಾಗೆ ನೋಡಿದರೆ ಕ್ಯಾಲ್ಗರಿಯವರ ನಿಜವಾದ ಜಾಣತನ ಮೂತಿಯಲ್ಲಿಲ್ಲ, ಚಳಿಗಾಲಕ್ಕೆಂದು ಹಾಕಿಸಿದ ಬಿಸಿ ನೆಲದಲ್ಲಿದೆ. ಬೂಟಿಗೆ ಅಂಟಿಬಂದ ಹಿಮ ಕರಗಿ ಬಾಗಿಲ ಬಳಿ ಮತ್ತೆ ಹೆಪ್ಪುಗಟ್ಟುವುದು ಅಲ್ಲಿನ ದೊಡ್ಡ ಕಾಟ.

ಮೂತಿಗೆ ಕೈಹಾಕುವಾಗ ಮೂರು ಕಡೆ ಎಚ್ಚರ ಬೇಕು. ಒಂದು, ಗಾಜು. ಎರಡು ದಿಕ್ಕಿಗೂ ಬಾಗಿದ ದೊಡ್ಡ ಗಾಜು ಚಿತ್ರದಲ್ಲಿ ಚೆಂದ. ಒಡೆದಾಗ ಮಾತ್ರ ಅದೇ ಅಚ್ಚಿನ ಗಾಜು ಅದೇ ಸರಬರಾಜುದಾರನಿಂದ ಬರಬೇಕು, ಬರುವ ತನಕ ಬೋಗಿ ಡಿಪೋದಲ್ಲಿ. ಚಪ್ಪಟೆ ಗಾಜಾದರೆ ಊರಲ್ಲೇ ಕತ್ತರಿಸಿ ಹಾಕಬಹುದು. ವೈಪರ್ ಕೂಡ ಬಾಗಿದ ಗಾಜಿನ ಮೂಲೆಗಳನ್ನು ಬಿಟ್ಟೇ ಒರೆಸುತ್ತದೆ. ರಸ್ತೆಯಲ್ಲಿ ಓಡುವ ರೈಲಿನ ಚಾಲಕನಿಗೆ ಪಾದಚಾರಿ ಕಾಣಬೇಕಾದ್ದು ಆ ಮೂಲೆಗಳಲ್ಲೇ. ಎರಡು, ಬಂಪರ್. ಅಮೆರಿಕದಲ್ಲಿ ಲೈಟ್ ರೈಲಿನ ರಚನೆಗೆ ಎಂಜಿನಿಯರುಗಳ ಸಂಘ ಎಎಸ್ಎಂಇಯ ಆರ್‌ಟಿ-1 ಅನ್ನುವ ಮಾನದಂಡ ಇದೆ. ಕಾರಿಗೆ ಗುದ್ದಿದಾಗ ರೈಲು ಅದರ ಮೇಲೆ ಹತ್ತಬಾರದು, ಕಾರು ಅಡಿಗೆ ನುಗ್ಗಬಾರದು. ಹಾಗಾಗಿ ಮುಖದ ಕೆಳಭಾಗ ಎಷ್ಟು ಮುಂದೆ ಚಾಚಬೇಕು, ಎಷ್ಟು ಗಟ್ಟಿ ಇರಬೇಕು ಅನ್ನುವುದು ಕಲಾವಿದನ ಕೈಯಲ್ಲಿಲ್ಲ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ: ಮೂತಿ ಚೂಪಾದಷ್ಟೂ ಬೋಗಿಯ ಪಕ್ಕ ಒಳಗೆ ಸರಿಯುತ್ತದೆ, ಮೊದಲ ಬಾಗಿಲು ಪ್ಲಾಟ್‌ಫಾರ್ಮಿನಿಂದ ದೂರ ಹೋಗುತ್ತದೆ. ಬೋಯಿಂಗ್ ಬೋಗಿಗಳ ಮುಂದಿನ ಬಾಗಿಲು ಇದೇ ಕಾರಣಕ್ಕೆ ಮ್ಯೂನಿ ಸುರಂಗದ ಎತ್ತರದ ಪ್ಲಾಟ್‌ಫಾರ್ಮುಗಳಲ್ಲಿ ಉಪಯೋಗಕ್ಕೆ ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಲ್ಲಿ ಅಕ್ಷರಶಃ ನಿಜ. ಅಮೆರಿಕದ ಅಂಗವಿಕಲರ ಹಕ್ಕಿನ ಕಾನೂನಿನಡಿ ಹೊಸ ನಿಲ್ದಾಣದಲ್ಲಿ ಹೊಸ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಅಡ್ಡ ಅಂತರ 3 ಇಂಚು, ಎತ್ತರದ ವ್ಯತ್ಯಾಸ 5/8 ಇಂಚು ಮೀರುವಂತಿಲ್ಲ. ಗಾಲಿಕುರ್ಚಿಯ ಬಾಗಿಲನ್ನು ಮೂತಿಯ ತಿರುವಿನಲ್ಲಿ ಇಟ್ಟರೆ ಈ ಲೆಕ್ಕ ಕೂಡುವುದೇ ಇಲ್ಲ.

ಫ್ರಾನ್ಸಿನವರು ಮೂತಿಯ ಆಟವನ್ನು ಚೆನ್ನಾಗಿ ಆಡಿದ್ದಾರೆ. ರೀಮ್ಸ್ ಟ್ರ್ಯಾಮಿನ ಮುಖ ಶಾಂಪೇನ್ ಲೋಟ, ಮಾರ್ಸೇಯದ್ದು ಹಡಗಿನ ಮುಂಭಾಗ, ಲಿಯೋನದ್ದು ರೇಷ್ಮೆಹುಳು. ಮಾಂಪೆಲಿಯೆ ಮಾತ್ರ ಮೂತಿಯ ಗೊಡವೆಗೆ ಹೋಗದೆ ಮೈಬಣ್ಣಕ್ಕೇ ಹಣ ಹಾಕಿತು. ಮೊದಲ ಮಾರ್ಗಕ್ಕೆ ನೀಲಿಯ ಮೇಲೆ ಬಿಳಿ ಕವಲುತೋಕೆ ಹಕ್ಕಿಗಳು, ಎರಡನೆಯದಕ್ಕೆ ಹೂಗಳು, ಮೂರು ಮತ್ತು ನಾಲ್ಕಕ್ಕೆ ಫ್ಯಾಷನ್ ವಿನ್ಯಾಸಕ ಕ್ರಿಶ್ಚಿಯನ್ ಲಕ್ರುವಾ ಅವರ ಚಿತ್ತಾರ. ಓದು ಬಾರದವರೂ ದೂರದಿಂದಲೇ ತಮ್ಮ ಮಾರ್ಗ ಗುರುತಿಸಬಹುದು. ಆದರೆ ಹೂವಿನ ಬೋಗಿ ಹಕ್ಕಿಯ ಮಾರ್ಗಕ್ಕೆ ಹೋದರೆ ಪ್ರಯಾಣಿಕರಿಗೆ ಗೊಂದಲ. ಮ್ಯೂನಿಯಲ್ಲಿ ಜೆ, ಕೆ, ಎಲ್, ಎಂ, ಎನ್, ಟಿ ಎಂದು ಆರು ಮಾರ್ಗ, ಬೋಗಿ ಇವತ್ತು ಎನ್, ನಾಳೆ ಟಿ. ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅದಕ್ಕೆ ಬೂದು, ಕೆಂಪು, ಮೇಲೆ 1975ರಲ್ಲಿ ವಿನ್ಯಾಸಕ ವಾಲ್ಟರ್ ಲ್ಯಾಂಡರ್ ಮಾಡಿಕೊಟ್ಟ, ಜನ ‘ಹುಳು’ ಅಂತ ಕರೆಯುವ ಹಳೆಯ ಗುರುತು. ಅಷ್ಟು ಸಾಕು.

ಸೀಟಿಗೆ ಬರೋಣ.

ಎಸ್‌200 ಮೊದಲು ಬಂದಾಗ ಗೋಡೆಗುಂಟ ಉದ್ದುದ್ದ ಬೆಂಚು, ಎದುರುಬದುರು. ನಿಲ್ಲುವವರಿಗೆ ಜಾಗ ಹೆಚ್ಚು ಅನ್ನುವ ವಾದ. ಈ ವಾದವನ್ನು ಅಳತೆಪಟ್ಟಿ ಇಟ್ಟು ನೋಡಬೇಕು. ಹೊರಗಿನ ಅಗಲ 2.65 ಮೀಟರ್, ಎರಡೂ ಗೋಡೆಯ ದಪ್ಪ ಕಳೆದರೆ ಒಳಗೆ ಸುಮಾರು 2.45. ಒಂದು ಸೀಟಿಗೆ 45 ಸೆಂಟಿಮೀಟರ್ ಹಿಡಿದರೆ, ಬಸ್ಸಿನ ಹಾಗೆ ಎರಡು ಮತ್ತು ಎರಡು ಅಡ್ಡ ಸೀಟು ಹಾಕಿದಾಗ ನಡುವೆ ಉಳಿಯುವ ಓಣಿ 65 ಸೆಂಟಿಮೀಟರ್. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಹಾಕಿದರೆ 110. ಬೆಂಚಾದರೆ ಎರಡೂ ಬದಿಗೆ 50 ಕಳೆದು 145. ಕಾಗದದಲ್ಲಿ ಬೆಂಚೇ ಗೆದ್ದಿತು. ಆದರೆ ಬೆಂಚಿನಲ್ಲಿ ಕೂತವರ ಪಾದ ಓಣಿಯಲ್ಲಿರುತ್ತದೆ. ಬದಿಗೆ 30ರಂತೆ ಕಳೆಯಿರಿ, ಉಳಿದದ್ದು 85. ಅಡ್ಡ ಸೀಟಿನಲ್ಲಿ ಮೊಣಕಾಲು, ಪಾದ ಎರಡೂ ಮುಂದಿನ ಸೀಟಿನ ಬೆನ್ನಿನ ಕಡೆಗೆ, ಓಣಿಗೆ ಬರುವುದಿಲ್ಲ. ಅಂದರೆ ಎರಡು-ಒಂದು ಜೋಡಣೆಯಲ್ಲಿ ನಿಜವಾಗಿ ನಿಲ್ಲಲು ಸಿಗುವ ಅಗಲ ಬೆಂಚಿಗಿಂತ ಹೆಚ್ಚು. ಎಣಿಕೆಯಲ್ಲೂ ದೊಡ್ಡ ನಷ್ಟವಿಲ್ಲ: ನಾಲ್ಕೂವರೆ ಮೀಟರ್ ಉದ್ದದ ಜಾಗದಲ್ಲಿ ಬೆಂಚಿಗೆ 20 ಜನ. 75 ಸೆಂಟಿಮೀಟರ್ ಅಂತರದಲ್ಲಿ ಎರಡು-ಒಂದಕ್ಕೆ 18, ಎರಡು-ಎರಡಕ್ಕೆ 24.

ಓಣಿಯ ಲೆಕ್ಕಕ್ಕಿಂತ ದೊಡ್ಡ ತಕರಾರು ಜಾರುವುದರದ್ದು. ಬ್ರೇಕ್ ಬಿದ್ದಾಗ ಬೆಂಚಿನಲ್ಲಿ ಕೂತವರು ಪಕ್ಕದವರ ಮೇಲೆ ಸರಿಯುತ್ತಿದ್ದರು, ಸೀಟು ಎತ್ತರ ಅನ್ನುವ ದೂರೂ ಜೊತೆಗೇ ಬಂತು. ಎರಡನ್ನೂ ಬೇರೆ ಬೇರೆ ದೂರು ಅಂತ ಬರೆದುಕೊಳ್ಳುವುದು ವಾಡಿಕೆ, ಆದರೆ ಎರಡರ ಬೇರೂ ಒಂದೇ. ಸಾಮಾನ್ಯ ಬ್ರೇಕಿನಲ್ಲಿ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 1.3 ಮೀಟರಿನಷ್ಟು ಇಳಿಯುತ್ತದೆ ಎಂದುಕೊಳ್ಳಿ. ಗುರುತ್ವಕ್ಕೆ ಹೋಲಿಸಿದರೆ 0.13. ರಸ್ತೆಯಲ್ಲಿ ಯಾರೋ ಅಡ್ಡ ಬಂದು ಹಳಿಗೆ ಕಚ್ಚುವ ಮ್ಯಾಗ್ನೆಟ್ ಬ್ರೇಕೂ ಬಿದ್ದರೆ 2.5ರ ಹತ್ತಿರ ಹೋಗುತ್ತದೆ, ಅಂದರೆ 0.26. ಜೊತೆಗೆ ಶೇ. 6ರ ಇಳಿಜಾರಿದ್ದರೆ ಇನ್ನೊಂದು 0.06, ಒಟ್ಟು 0.32. ಬಟ್ಟೆಗೂ ನುಣುಪು ಪ್ಲಾಸ್ಟಿಕ್ಕಿಗೂ ನಡುವಿನ ಹಿಡಿತ ಇದೇ ಲೆಕ್ಕದಲ್ಲಿ ಹೆಚ್ಚೂಕಡಿಮೆ 0.2ರಿಂದ 0.3. ಹಿಡಿತ ಸೋತಿತು, ಮೈ ಜಾರಿತು. ಇನ್ನು ಉಳಿದ ಆಸರೆ ಅಂದರೆ ನೆಲಕ್ಕೆ ಊರಿದ ಪಾದ. ಸೀಟು ಎತ್ತರವಾಗಿ ಕುಳ್ಳಗಿರುವವರ ಹಿಮ್ಮಡಿ ನೆಲ ಮುಟ್ಟದೆ ಹೋದರೆ ಅದೂ ಇಲ್ಲ.

ನಮ್ಮ ಮೆಟ್ರೋದಲ್ಲೂ ಉದ್ದ ಬೆಂಚೇ ಅಲ್ಲವೇ, ಅಲ್ಲಿ ಇಷ್ಟು ಗಲಾಟೆ ಯಾಕಿಲ್ಲ ಅಂತ ಬೆಂಗಳೂರಿನವರು ಕೇಳಬಹುದು. ನಮ್ಮ ಮೆಟ್ರೋ ಹಳಿಗೆ ಆಟೋ, ಸೈಕಲ್ಲು ಅಡ್ಡ ಬರುವುದಿಲ್ಲ. ಬ್ರೇಕ್ ನಯವಾಗಿ ಬೀಳುತ್ತದೆ, ಏರಿಳಿತವೂ ಕಡಿಮೆ. ಬೆಂಚು ಕೆಟ್ಟದ್ದಲ್ಲ. ಗುಡ್ಡದ ಊರಿನ ರಸ್ತೆಯಲ್ಲಿ ಓಡುವ ರೈಲಿಗೆ ನುಣುಪಾದ, ಕೂರುವ ಗುಳಿಯಿಲ್ಲದ, ಎತ್ತರದ ಬೆಂಚು ಕೆಟ್ಟದ್ದು.

ಮ್ಯೂನಿಯವರು ಮಾಡಿದ ತಿದ್ದುಪಡಿ ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ: ಸೀಟನ್ನು ಸುಮಾರು 2 ಇಂಚು ತಗ್ಗಿಸಿದರು, ಒಬ್ಬೊಬ್ಬರಿಗೂ ಬೇರೆ ಗುಳಿಯಿರುವ ಸೀಟು ಮಾಡಿಸಿದರು, ಕೆಲವು ಅಡ್ಡ ಸೀಟುಗಳನ್ನು ವಾಪಸ್ ತಂದರು. ಬ್ರೆಡಾ ಬದಲಿಗೆ ಬರುವ ಬೋಗಿಗಳು ಕಾರ್ಖಾನೆಯಿಂದಲೇ ಹೀಗೆ ಬಂದವು, ಮೊದಲು ಬಂದ 68ಕ್ಕೆ ಆಮೇಲೆ ಬದಲಿಸುವ ಕೆಲಸ. ಇಂಥ ಬದಲಾವಣೆ ಅಗ್ಗವಾಗಬೇಕಾದರೆ ಸೀಟು ನೆಲಕ್ಕೆ ಕಾಲೂರದೆ ಗೋಡೆಯಲ್ಲಿರುವ ತೋಡುಳ್ಳ ಉದ್ದ ಕಂಬಿಗೆ ಬೋಲ್ಟ್‌ನಲ್ಲಿ ತೂಗಬೇಕು. ಬೋಲ್ಟ್ ಸಡಿಲಿಸಿ ಸರಿಸಬಹುದು, ನೆಲ ಒರೆಸುವುದೂ ಸಲೀಸು. ಟೆಂಡರ್‌ನಲ್ಲಿ ಈ ಒಂದು ಸಾಲು ಇದ್ದರೆ ಸಾಕು, ಐದು ವರ್ಷದ ಮೇಲೆ ಮನಸ್ಸು ಬದಲಾದರೂ ಗೋಡೆ ಒಡೆಯಬೇಕಾಗಿಲ್ಲ.

ಬಾಗಿಲಿನ ಪಾಠ ಇನ್ನೂ ಕಹಿ. ಎರಡು ಕದ ನಡುವೆ ಕೂಡುವ ಬಾಗಿಲಲ್ಲಿ ರಬ್ಬರ್ ಅಂಚಿಗೆ ರಬ್ಬರ್ ಅಂಚು ಒತ್ತುತ್ತದೆ, ಏನಾದರೂ ಸಿಕ್ಕರೆ ಸಂವೇದಕಕ್ಕೆ ತಿಳಿಯುತ್ತದೆ. ಬೋಗಿಯ ತುದಿಯಲ್ಲಿ, ಚಾಲಕನ ಕೋಣೆಯ ಪಕ್ಕ ಜಾಗ ಸಾಲದೆ ಒಂಟಿ ಕದ ಇಡುತ್ತಾರೆ. ಅದು ಹೋಗಿ ಮುಚ್ಚುವುದು ಗಟ್ಟಿ ಚೌಕಟ್ಟಿಗೆ. 2019ರ ಏಪ್ರಿಲ್‌ನಲ್ಲಿ ಎಂಬಾರ್ಕಡೆರೋ ನಿಲ್ದಾಣದಲ್ಲಿ ಇಂಥ ಬಾಗಿಲಿಗೆ ಪ್ರಯಾಣಿಕರೊಬ್ಬರ ಕೈ ಸಿಕ್ಕಿಕೊಂಡಿತು. ರೈಲು ಹಾಗೇ ಹೊರಟು ಅವರಿಗೆ ತೀವ್ರ ಪೆಟ್ಟಾಯಿತು. ಆ ಬಾಗಿಲುಗಳನ್ನು ಕೆಲಕಾಲ ಬಂದ್ ಮಾಡಿ, ಸೂಕ್ಷ್ಮ ಅಂಚು ಹೆಚ್ಚಿಸಿ ಸರಿಪಡಿಸಿದರು. ಒಪ್ಪಿಗೆಗೆ ಮುಂಚೆ ಮರದ ತುಂಡಿಟ್ಟು ಪರೀಕ್ಷೆ ಮಾಡುವುದು ಸಾಲದು. ಚೀಲದ ಪಟ್ಟಿ, ಕೊಡೆಯ ಕಡ್ಡಿ, ಅಂಧರ ಬಿಳಿ ಕೋಲು, ಬೆರಳಿನ ದಪ್ಪದ ರಬ್ಬರ್ ಕೊಳವೆ, ಎಲ್ಲವನ್ನೂ ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿಯೊಂದು ಬಾಗಿಲಿಗೂ ಇಟ್ಟು ನೋಡಬೇಕು. ಮ್ಯೂನಿಯ ಬಾಗಿಲಿಗೆ ಇನ್ನೊಂದು ಹೊರೆ: ಸುರಂಗದಲ್ಲಿ ಎತ್ತರದ ಪ್ಲಾಟ್‌ಫಾರ್ಮ್, ಹೊರಗೆ ರಸ್ತೆ ಮಟ್ಟ, ಹಾಗಾಗಿ ಮೆಟ್ಟಿಲೇ ಏರಿ ನೆಲವಾಗುತ್ತದೆ, ಇಳಿದು ಮೆಟ್ಟಿಲಾಗುತ್ತದೆ. ಆ ಚಲಿಸುವ ಭಾಗದ ಮೇಲೆ ಕಂಬ ನೆಡುವಂತಿಲ್ಲ. ಜನ ಹೆಚ್ಚು ನಿಲ್ಲುವ ಜಾಗದಲ್ಲೇ ಹಿಡಿಯಲು ಏನೂ ಇಲ್ಲ ಎಂದಾಗುತ್ತದೆ, ಚಾವಣಿಯಿಂದ ಪಟ್ಟಿ ಇಳಿಬಿಡಬೇಕು.

ತೀರ್ಮಾನಗಳ ಸರದಿ ಹೀಗಿದ್ದರೆ ಒಳ್ಳೆಯದು. ಬಾಗಿಲ ಜಾಗ, ಮೂತಿಯ ಹೊರರೇಖೆ, ದೀಪ, ಗಾಜು ಇವು ಪ್ರಾಥಮಿಕ ವಿನ್ಯಾಸದಲ್ಲೇ ಗಟ್ಟಿಯಾಗಬೇಕು, ಆಮೇಲೆ ಮುಟ್ಟಿದರೆ ಚೌಕಟ್ಟನ್ನೇ ಮತ್ತೆ ಲೆಕ್ಕ ಹಾಕಬೇಕು. ನಂತರ ಪೂರ್ಣ ಅಳತೆಯ ಪ್ಲೈವುಡ್ ಮಾದರಿ: ಕನಿಷ್ಠ ಒಂದು ಬಾಗಿಲು, ಅದರ ಎರಡೂ ಬದಿಯ ಸೀಟು, 30 ಇಂಚು ಅಗಲ 48 ಇಂಚು ಉದ್ದದ ಗಾಲಿಕುರ್ಚಿ ಜಾಗ. ಅದರೊಳಗೆ ಅಜ್ಜಿಯರನ್ನೂ ಶಾಲೆ ಮಕ್ಕಳನ್ನೂ ಕೂರಿಸಿ, ಕೂರುವುದಕ್ಕಿಂತ ಏಳುವುದನ್ನು ಗಮನಿಸಬೇಕು. ಮಾದರಿ ನಿಂತಲ್ಲೇ ನಿಂತಿರುತ್ತದೆ, ಬ್ರೇಕಿನ ಜಾರು ಅದರಲ್ಲಿ ತಿಳಿಯದು. ಅದಕ್ಕೆ ನಾಲ್ಕು ಸೀಟನ್ನು ಹಳೆಯ ಬೋಗಿಯೊಂದರಲ್ಲಿ ಹಾಕಿ ಮಾಮೂಲಿ ಮಾರ್ಗದಲ್ಲಿ ಓಡಿಸಬೇಕು. ಸೀಟಿನ ಹೊದಿಕೆ ಅಮೆರಿಕದ ಅಗ್ನಿಸುರಕ್ಷೆಯ ಮಾನದಂಡ ಎನ್‌ಎಫ್‌ಪಿಎ 130ರ ಬೆಂಕಿ ಪರೀಕ್ಷೆ ದಾಟಬೇಕಾದ್ದರಿಂದ ಇಷ್ಟಪಟ್ಟ ಬಟ್ಟೆಯೆಲ್ಲ ಸಿಗುವುದಿಲ್ಲ, ತುಂಡುಗಳನ್ನು ಮೊದಲೇ ಕಳಿಸಬೇಕು.

ಬಣ್ಣ ಕೊನೆಗೆ. ಮೊದಲ ಬೋಗಿ ಬಣ್ಣದ ಶೆಡ್ಡಿಗೆ ಹೋಗುವ ತನಕ ಸಮಯವಿದೆ, ಜನರ ಮತವನ್ನು ಧಾರಾಳವಾಗಿ ಕೇಳಬಹುದು. ಮಿನುಗುವ ಲೋಹದ ಬಣ್ಣ ಬೇಡ. ಗೀರಿದ ಒಂದು ಹಲಗೆ ಬದಲಿಸಿದರೆ ಪಕ್ಕದ್ದಕ್ಕೆ ಛಾಯೆ ಕೂಡುವುದಿಲ್ಲ. ಬಾಗಿಲಿನ ಬಣ್ಣ ಗೋಡೆಗಿಂತ ಎದ್ದು ಕಾಣಲಿ, ಮೆಟ್ಟಿಲಂಚಿಗೆ ಕಪ್ಪಿನ ಮೇಲೆ ಹಳದಿಯಂಥ ಗಾಢ ವ್ಯತ್ಯಾಸ ಬೇಕು. ಗೀಚುಬರಹ ಒರೆಸಲು ಮೇಲೊಂದು ಪಾರದರ್ಶಕ ಲೇಪ ಕಡ್ಡಾಯ. ಜಾಹೀರಾತಿನ ತೂತು ಹಾಳೆಯನ್ನು ಕಿಟಕಿಗೆ ಅಂಟಿಸಲು ಬಿಡುವುದೋ ಇಲ್ಲವೋ ಅನ್ನುವುದನ್ನೂ ಈಗಲೇ ಬರೆದಿಡಬೇಕು. ಮಳೆಯಲ್ಲಿ ಆ ತೂತುಗಳಲ್ಲಿ ನೀರು ನಿಂತು, ರಾತ್ರಿ ಯಾವ ನಿಲ್ದಾಣ ಬಂತೆಂದು ಒಳಗಿನವರಿಗೆ ಕಾಣುವುದಿಲ್ಲ.