ಅವರವರ ಹುಚ್ಚು, ನನ್ನ ಕ್ಯಾಮೆರಾ: ಶ್ರಾವಣದವರೆಗಿನ ಲೆಕ್ಕ

ಯುಗಾದಿಗೆ ಶುರು ಮಾಡಿದ ಕೆಲಸ ಇದು. ಮೈಸೂರಿನಲ್ಲಿ ನಾವೊಂದಿಷ್ಟು ಜನ ಫೋಟೊ ಹುಚ್ಚಿನವರಿದ್ದೇವೆ. ಭಾನುವಾರ ಬೆಳಿಗ್ಗೆ ದೇವರಾಜ ಮಾರ್ಕೆಟ್ ಸುತ್ತುವುದು, ಸಂಜೆ ಅರಮನೆಯ ದೀಪ ಹತ್ತುವುದನ್ನೇ ಕಾಯುವುದು, ಮಧ್ಯೆ ಎಲ್ಲಾದರೂ ಕೂತು ಕಾಫಿ. ಇಷ್ಟು ವರ್ಷ ಹೀಗೇ ನಡೆದಿತ್ತು. ಆದರೆ ಕುಂಕುಮದ ಗುಡ್ಡೆಯ ಫೋಟೊ ಮೈಸೂರಿನಲ್ಲಿ ಯಾರ ಹತ್ತಿರ ಇಲ್ಲ ಹೇಳಿ? ಹಾಗಾಗಿ ಈ ಸಲ ಬೇರೆ ಆಟ. ನಮ್ಮ ಸುತ್ತಮುತ್ತ ಇರುವವರ ಹವ್ಯಾಸಗಳನ್ನು ಒಬ್ಬೊಬ್ಬರು ಹಂಚಿಕೊಂಡು ತೆಗೆಯುವುದು. ಒಂದು ಹವ್ಯಾಸಕ್ಕೆ ಒಂದೇ ಫೋಟೊ. ದೀಪಾವಳಿ ಹೊತ್ತಿಗೆ ಎಲ್ಲವೂ ಪ್ರಿಂಟ್ ಆಗಿ ಒಬ್ಬರ ಮನೆಯ ಹಾಲಿನ ಗೋಡೆಗೆ ಏರಬೇಕು.

ನಿಯಮ ಎರಡೇ. ಹವ್ಯಾಸಿ ಕ್ಯಾಮೆರಾ ನೋಡಿ ನಗಬಾರದು. ಮತ್ತೆ, ಯಾವ ಫೋಟೊ ಗೋಡೆಗೆ ಹೋಗಬೇಕು ಅನ್ನುವುದಕ್ಕೆ ಅವರ ಒಪ್ಪಿಗೆಯೂ ಬೇಕು. ಈ ಎರಡನೆಯ ನಿಯಮವೇ ಇಡೀ ಕೆಲಸದ ದಿಕ್ಕು ಬದಲಿಸಿತು. ನನಗೆ ಚೆಂದ ಕಂಡ ಫೋಟೊವನ್ನು ಅವರು ಪಕ್ಕಕ್ಕಿಡುತ್ತಾರೆ. ನಾನು ಸುಮ್ನೆ ಒತ್ತಿದ್ದನ್ನು ಹಿಡಿದುಕೊಂಡು "ಇದು ಸರಿ ಇದೆ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಬರುವ ಉತ್ತರ ಯಾವ ಕ್ಯಾಮೆರಾ ಪಾಠದಲ್ಲೂ ಸಿಗುವಂಥದ್ದಲ್ಲ.

ಗರಡಿ

ಮೊದಲು ಹೋಗಿದ್ದು ಗರಡಿ ಮನೆಗೆ. ನಮ್ಮ ಗುಂಪಿನ ಒಬ್ಬನ ಭಾವ ಆಫೀಸ್ ಕೆಲಸ ಮಾಡುತ್ತಾರೆ, ಬೆಳಿಗ್ಗೆ ಮಾತ್ರ ಸಾಮು ತೆಗೆಯುತ್ತಾರೆ. ಕಣಕ್ಕೆ ಇಳಿದು ಕಪ್ ಗೆಲ್ಲುವ ಆಸೆಯೇನೂ ಅವರಿಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹನುಮಂತನಿಗೆ ಕೈಮುಗಿದು ಒಳಗೆ ಹೋದರೆ ಎದುರಿಗೇ ಕೆಂಪು ಮಣ್ಣು. ಸಣ್ಣ ಕಿಟಕಿ. ಮೇಲೆ ಒಂದು ಅಗ್ಗದ ಎಲ್‌ಇಡಿ ಪಟ್ಟಿ.

ಆ ಎಲ್‌ಇಡಿ ಸಾಕಷ್ಟು ಕಾಡಿತು. ನಮ್ಮ ಮನೆಗೆ ಬರುವ ಕರೆಂಟ್ 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ ಸೆಕೆಂಡಿನ 1/500ಕ್ಕೆ ಇಟ್ಟರೆ ಫೋಟೊದ ಉದ್ದಕ್ಕೂ ಕಪ್ಪು ಪಟ್ಟೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಪಟ್ಟು ಹಾಕುವ ಕೈ ಕಲಸಿಹೋಗುತ್ತದೆ. ಹೊಸ ಕ್ಯಾಮೆರಾಗಳಲ್ಲಿ ಮಿನುಗು ತಪ್ಪಿಸುವ ಸೌಲಭ್ಯ ಇರುತ್ತದೆ. ನನ್ನದು ಹಳೆಯದು. ಕೊನೆಗೆ ದೀಪ ಆರಿಸಿ ಅಂತ ಕೇಳಿಕೊಂಡೆ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಬಾಗಿಲಿನಿಂದ ಓರೆಯಾಗಿ ಬೆಳಕು ಬರುತ್ತದೆ. ಆ ಬೆಳಕಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿದರೆ 1/320 ಸಿಗುತ್ತದೆ. ಫೋಟೊದಲ್ಲಿ ಕಾಳುಕಾಳು ಬರುತ್ತದೆ, ಬರಲಿ. ಮಣ್ಣಿನ ಫೋಟೊ ತಾನೇ.

ನಾನು ಎತ್ತಿ ಒಗೆಯುವ ಗಳಿಗೆಯನ್ನೇ ಕಾಯುತ್ತಿದ್ದೆ. ಗರಡಿಯ ಗುರು ವಸ್ತಾದರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು, "ಬಿದ್ದಿದ್ದು ತೆಗೆದು ಏನ್ ಮಾಡ್ತೀಯಪ್ಪಾ? ಪಾದ ನೋಡು, ಪಾದ. ಎಲ್ಲಾ ಅಲ್ಲೇ ಮುಗಿದೋಗಿರ್ತದೆ" ಅಂದರು. ಮಂಡಿ ಊರಿ ಕೂತು ಪಾದ ನೋಡಿದೆ. ನಿಜ. ಪಟ್ಟು ಬೀಳುವ ಮೊದಲು ಹಿಂದಿನ ಕಾಲಿನ ಹೆಬ್ಬೆರಳು ಮಣ್ಣಿಗೆ ನಾಟುತ್ತದೆ, ಹಿಮ್ಮಡಿ ಸ್ವಲ್ಪ ಏಳುತ್ತದೆ. ಬೆರಳಿನ ಸುತ್ತ ಮಣ್ಣು ಸಣ್ಣಗೆ ಉಬ್ಬುತ್ತದೆ. ಮೇಲೆ ಇಬ್ಬರೂ ಇನ್ನೂ ತಲೆಗೆ ತಲೆ ಕೊಟ್ಟು ಸುಮ್ಮನೆ ನಿಂತ ಹಾಗೇ ಕಾಣುತ್ತಾರೆ. ಭಾವ ಒಪ್ಪಿದ ಫೋಟೊದಲ್ಲಿ ಮುಖವೇ ಇಲ್ಲ. ನಾಲ್ಕು ಪಾದ, ಮಣ್ಣು, ಬಾಗಿಲಿನ ಬೆಳಕು. "ಇದು ನೀವೇ ಅಂತ ಯಾರಿಗೆ ಗೊತ್ತಾಗುತ್ತೆ?" ಅಂತ ಅಕ್ಕ ರೇಗಿದರು. "ಗರಡಿಯವರಿಗೆ ಗೊತ್ತಾಗುತ್ತೆ ಬಿಡು" ಅಂದರು ಭಾವ.

ನಾಣ್ಯ

ಇಲ್ಲಿ ಗಳಿಗೆ ಅನ್ನುವುದೇ ಇಲ್ಲ. ನಾಣ್ಯ ಎಲ್ಲೂ ಓಡಿಹೋಗುವುದಿಲ್ಲ. ನಾಣ್ಯ ಕೂಡಿಡುವ ಮೇಷ್ಟ್ರು ನಿವೃತ್ತರಾಗಿದ್ದಾರೆ, ಅವರಿಗೂ ಅವಸರವಿಲ್ಲ. ಸಂಜೆ ಹೋದರೆ ರಾತ್ರಿ ಊಟ ಮಾಡಿಸಿಯೇ ಕಳಿಸುತ್ತಾರೆ. ಆದರೂ ಇದುವರೆಗಿನ ಕೆಲಸದಲ್ಲಿ ಜಾಸ್ತಿ ಕಲಿತದ್ದು ಅವರ ಊಟದ ಮೇಜಿನ ಮೇಲೆಯೇ.

ಅವರ ಪ್ರೀತಿಯ ನಾಣ್ಯ ಟಿಪ್ಪು ಕಾಲದ ತಾಮ್ರದ ಪೈಸೆ. ಒಂದು ಕಡೆ ಆನೆ. ಶ್ರೀರಂಗಪಟ್ಟಣದ ಟಂಕಸಾಲೆಯದು. ಕಂದು ಬಣ್ಣಕ್ಕೆ ತಿರುಗಿ, ಅಂಚು ಸವೆದು, ಆನೆಯ ಸೊಂಡಿಲು ಅರ್ಧ ಮಾಸಿದೆ. ತೊಳೆಯಬಹುದಾ ಅಂತ ಯಾರಾದರೂ ಕೇಳಿದರೆ ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ನಾಣ್ಯ ಹೊಳೆಯುತ್ತದೆ, ಬೆಲೆ ಹೋಗುತ್ತದೆ. ತಾಮ್ರದ ಮೇಲಿನ ಆ ಕಂದು ಪದರವೇ ಅದರ ವಯಸ್ಸು.

ಸಾದಾ ಟೇಬಲ್ ಲ್ಯಾಂಪ್ ಪಕ್ಕದಲ್ಲಿ ಇಟ್ಟರೆ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಕತ್ತಲು. ನೇರ ಮೇಲಿನಿಂದ ಬೆಳಕು ಬೇಕು, ಆದರೆ ಅಲ್ಲಿ ಲೆನ್ಸ್ ಇದೆ. ಇದಕ್ಕೆ ಒಂದು ಹಳೆಯ ಉಪಾಯ ಇದೆ. ಲೆನ್ಸ್‌ಗೂ ನಾಣ್ಯಕ್ಕೂ ನಡುವೆ ಒಂದು ಗಾಜಿನ ತುಂಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಬೇಕು. ಬೆಳಕನ್ನು ಪಕ್ಕದಿಂದ ಬಿಟ್ಟರೆ ಗಾಜಿಗೆ ತಾಗಿದ ಬೆಳಕಿನಲ್ಲಿ ಒಂದಂಶ ನೇರ ಕೆಳಕ್ಕೆ ತಿರುಗಿ ನಾಣ್ಯದ ಮೇಲೆ ಬೀಳುತ್ತದೆ. ಕ್ಯಾಮೆರಾ ಅದೇ ಗಾಜಿನ ಮೂಲಕ ನೋಡುತ್ತದೆ. ನಾವು ಫೋಟೊ ಫ್ರೇಮ್ ಅಂಗಡಿಯಿಂದ ತೆಳು ಗಾಜು ಕತ್ತರಿಸಿ ತಂದೆವು. ಎರಡು ದಪ್ಪ ನಿಘಂಟುಗಳ ನಡುವೆ ಓರೆಯಾಗಿ ಸಿಕ್ಕಿಸಿದೆವು. ದೀಪದ ಬೆಳಕು ನೇರವಾಗಿ ನಾಣ್ಯಕ್ಕೆ ತಾಗದ ಹಾಗೆ ಒಂದು ಕಪ್ಪು ರಟ್ಟು. ಗಾಜು ಒರೆಸಿದಷ್ಟೂ ಧೂಳು. ಅದು ಬೇರೆ ಕಥೆ.

ದೀಪ ಹಾಕಿದ ಕೂಡಲೇ ಆನೆ ಎದ್ದು ಬಂತು. ಬಯಲು ಭಾಗ ಬೆಳ್ಳಗಾಯಿತು, ಉಬ್ಬಿನ ಅಂಚುಗಳು ಕಪ್ಪು ಗೆರೆಯಾದವು. ಬರಿಗಣ್ಣಿಗೆ ಕಾಣದ ಬಾಲದ ತುದಿಯೂ ಕಂಡಿತು. ನನಗಂತೂ ಕುಣಿಯುವಷ್ಟು ಖುಷಿ. ಮೇಷ್ಟ್ರು ಕನ್ನಡಕ ಏರಿಸಿ ಸ್ಕ್ರೀನ್ ನೋಡಿದರು. "ಚೆನ್ನಾಗಿದೆ. ಇದು ಕ್ಯಾಟಲಾಗಿಗೆ. ಗೋಡೆಗೆ ಬೇಡ" ಅಂದರು. ಯಾಕೆ? ಅವರು ನಾಣ್ಯವನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿದರು. ಕಿಟಕಿಯ ಕಡೆ ತಿರುಗಿಸಿದರು, ಸ್ವಲ್ಪ ವಾಲಿಸಿದರು. ಬೆಳಕು ಆನೆಯ ಬೆನ್ನಿನ ಮೇಲಿಂದ ಜಾರಿ ಸೊಂಡಿಲಿಗೆ ಹೋಯಿತು. "ನಾವು ನೋಡೋದು ಹೀಗೆ" ಅಂದರು. ನಾಣ್ಯ ಕೂಡಿಡುವವರು ಯಾರೂ ಮುಖಕ್ಕೆ ಚಪ್ಪಟೆಯಾಗಿ ಬೆಳಕು ಬಿಟ್ಟು ನೋಡುವುದಿಲ್ಲ, ವಾಲಿಸಿ ವಾಲಿಸಿಯೇ ನೋಡುತ್ತಾರೆ. ಗಳಿಗೆ ಇಲ್ಲ ಅಂದೆನಲ್ಲ, ಇಲ್ಲೂ ಇತ್ತು. ಗಾಜು, ನಿಘಂಟು ಎಲ್ಲ ಎತ್ತಿಟ್ಟು ಕಿಟಕಿ ಬೆಳಕಿನಲ್ಲಿ ಅವರ ಬೆರಳು, ಅಂಚು ಹಿಡಿದ ನಾಣ್ಯ, ಅರ್ಧ ಹೊಳೆಯುವ ಆನೆ. ಆ ಫೋಟೊ ಗೋಡೆಗೆ ಪಾಸಾಯಿತು. ಗಾಜಿನ ಉಪಾಯದಲ್ಲಿ ಈಗ ಮೇಷ್ಟ್ರ ಇಡೀ ಸಂಗ್ರಹದ ಕ್ಯಾಟಲಾಗ್ ನಡೆಯುತ್ತಿದೆ. ಅದು ನನ್ನ ತಲೆಗೆ ಬಿದ್ದಿರುವ ಹೆಚ್ಚುವರಿ ಕೆಲಸ.

ಮಾವಿನ ಮರದ ಜೇಡ

ಪಕ್ಕದ ಬೀದಿಯ ಟೀಚರಮ್ಮ ಹುಳು ನೋಡುತ್ತಾರೆ. ಹಿಡಿಯುವುದಿಲ್ಲ, ಪಿನ್ ಚುಚ್ಚುವುದಿಲ್ಲ, ನೋಡುತ್ತಾರೆ ಅಷ್ಟೇ. ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಹಿತ್ತಲಿನ ಮಾವಿನ ಮರದಲ್ಲಿ ಕೆಂಜಿಗಗಳ ಗೂಡು. ಎಲೆಗೆ ಎಲೆ ಹೆಣೆದು, ಮರಿಹುಳುಗಳ ನೂಲಿನಿಂದ ಅಂಟಿಸಿ ಕಟ್ಟಿರುತ್ತವಲ್ಲ, ಅವೇ. ಮಲೆನಾಡಿನಲ್ಲಿ ಚಟ್ನಿ ಮಾಡುವ ಚಿಗಳಿ.

"ಇದರಲ್ಲಿ ಒಂದು ಇರುವೆ ಅಲ್ಲ, ಯಾವುದು ಹೇಳು" ಅಂದರು. ನನಗೆ ಎಲ್ಲವೂ ಇರುವೆಯೇ. ಅಲ್ಲಿ ಕೆಂಜಿಗದ ಹಾಗೇ ವೇಷ ಹಾಕಿದ ಜೇಡ ಒಂದಿತ್ತು. ಅದೇ ಬಣ್ಣ, ಅದೇ ಸಣ್ಣ ಸೊಂಟ. ಎಂಟು ಕಾಲಿನಲ್ಲಿ ಮುಂದಿನ ಎರಡನ್ನು ಮೇಲೆತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಗಂಡಾದರೆ ಮುಂದಿನ ದವಡೆ ಉದ್ದವಾಗಿ ಚಾಚಿರುತ್ತದೆ. ನೋಡಿದರೆ ಒಂದು ಇರುವೆ ಇನ್ನೊಂದನ್ನು ಹೊತ್ತು ಹೋಗುತ್ತಿದೆ ಅನ್ನಿಸುತ್ತದೆ. ಪತ್ತೆ ಮಾಡುವುದು ಸುಲಭ ಅಂತೆ. ಎಲೆಯನ್ನು ಮೆಲ್ಲಗೆ ತಟ್ಟಿದರೆ ಇರುವೆ ಕಚ್ಚಲು ಬರುತ್ತದೆ. ಜೇಡ ನೂಲು ಬಿಟ್ಟು ಕೆಳಗೆ ಜೋತುಬೀಳುತ್ತದೆ.

ಆ ನೂಲಿಗೆ ಜೋತುಬಿದ್ದ ಗಳಿಗೆಯೇ ಬೇಕು ಅಂತ ಅವರ ಹಟ. ವೇಷ ಕಳಚುವುದು ಅಲ್ಲೇ, ಸರಿ. ಆದರೆ ಮ್ಯಾಕ್ರೊದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆಯುವಾಗ, ಹುಳು ಸೆನ್ಸರ್ ಮೇಲೆ ನಿಜಗಾತ್ರಕ್ಕೆ ಬಂದರೆ, ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೂ ಸ್ಪಷ್ಟವಾಗಿ ಕಾಣುವುದು ಒಂದು ಮಿಲಿಮೀಟರ್ ಆಸುಪಾಸಿನ ಆಳ. ಜೇಡ ಗಾಳಿಗೆ ತೂಗಾಡುತ್ತಿರುತ್ತದೆ. ಕ್ಯಾಮೆರಾ ಹಿಡಿದ ಕೈಗೆ ಕೆಂಜಿಗ ಹತ್ತಿರುತ್ತದೆ. ಫ್ಲ್ಯಾಶ್‌ನ ಬೆಳಕು ಮೃದುವಾಗಲಿ ಅಂತ ಟಿವಿ ಪೆಟ್ಟಿಗೆಯಲ್ಲಿ ಬಂದಿದ್ದ ಬಿಳಿ ಫೋಮ್ ಹಾಳೆ ಸುತ್ತಿದ್ದೇನೆ, ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. ಫೋಟೊ ಮಾತ್ರ ಇನ್ನೂ ಆಗಿಲ್ಲ. ಈ ಸಾಲು ಖಾಲಿ ಇಟ್ಟಿದ್ದೇನೆ.

ರೈಲು

ಮಳೆ ಹಿಡಿದ ಮೇಲೆ ಸಕಲೇಶಪುರ. ನನ್ನ ರೈಲು ಗೆಳೆಯ ಎಂಜಿನ್ ನಂಬರು, ಅದು ಯಾವ ಶೆಡ್ಡಿನದು, ಎಲ್ಲ ಬರೆದುಕೊಳ್ಳುವವನು. ಹಾರನ್ ಕೇಳಿಯೇ ಯಾವ ಎಂಜಿನ್ ಅಂತ ಹೇಳುತ್ತಾನೆ, ತಪ್ಪಿದ್ದು ನಾನು ನೋಡಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ 57 ಸುರಂಗ, 50 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಹಿಂದೆ ಜನ ಹಳಿ ಮೇಲೆ ಚಾರಣ ಹೋಗುತ್ತಿದ್ದರು. ಈಗ ಅದು ನಿಷಿದ್ಧ, ಆಗಿದ್ದೇ ಒಳ್ಳೆಯದಾಯಿತು. ನಾವು ಸ್ಟೇಷನ್ ಬಿಟ್ಟು ಹೋಗಲಿಲ್ಲ.

ಗೂಡ್ಸ್ ಗಾಡಿ ಘಾಟಿ ಹತ್ತಿ ಬಂತು. ಎಲ್ಲರ ಮೊಬೈಲೂ ಮುಂದಿನ ಎಂಜಿನ್ ಕಡೆ. ನಾನೂ ಕ್ಯಾಮೆರಾ ಎತ್ತಿದೆ. ಅವನು ತೋಳು ಹಿಡಿದು ಕೆಳಗಿಳಿಸಿದ. "ಇದನ್ನ ಎಲ್ಲರೂ ತೆಗೀತಾರೆ. ತಡಿ ಮಾರಾಯ." ವ್ಯಾಗನ್ನುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಕೊನೆಗೆ, ಎಲ್ಲರೂ ಮೊಬೈಲ್ ಜೇಬಿಗಿಟ್ಟ ಮೇಲೆ, ಹಿಂದಿನಿಂದ ತಳ್ಳಿಕೊಂಡು ಬಂದ ಬ್ಯಾಂಕರ್ ಎಂಜಿನ್‌ಗಳು. ಮೈಯೆಲ್ಲ ಒದ್ದೆ, ಬಿಸಿ ಮೈಯ ಮೇಲೆ ಬಿದ್ದ ಮಳೆ ಆವಿಯಾಗಿ ಏಳುತ್ತಿತ್ತು. ಏರು ಮುಗಿಯಿತಲ್ಲ, ಇಲ್ಲಿ ಅವನ್ನು ಕಳಚುತ್ತಾರೆ. ಕೊಡೆ ಮರೆತು, ಬಾಯಿ ಸ್ವಲ್ಪ ತೆರೆದು ಅವನು ಆ ಎಂಜಿನ್ ನೋಡುತ್ತಿದ್ದ. 1/60ರಲ್ಲಿ ತೆಗೆದೆ, ಮಳೆ ಗೆರೆಗೆರೆಯಾಗಿ ಬಂತು. ಅವನ ಮುಖ ಚೂಪಾಗಿದೆ, ಎಂಜಿನ್ ಮಸುಕು. "ನಂಬರ್ ಕಾಣಲ್ವಲ್ಲೋ" ಅಂತ ಗೊಣಗಿದ. ಆಮೇಲೆ ಒಪ್ಪಿದ.

ಮಲೆನಾಡಿನ ಮಳೆಯಲ್ಲಿ ಕ್ಯಾಮೆರಾ ತೆಗೆದವರಿಗೆ ಒಂದು ಮಾತು. ವಾಪಸ್ ಬಂದ ಮೇಲೆ ಅದನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಲೆನ್ಸ್ ಒಳಗೆ ಫಂಗಸ್ ಬರುವುದು ಹೀಗೇ, ಜೇಡರ ಬಲೆಯಂತೆ ಹಬ್ಬುತ್ತದೆ. ನಾನು ಅಡುಗೆಮನೆಯ ದೊಡ್ಡ ಏರ್‌ಟೈಟ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಇಟ್ಟುಕೊಂಡಿದ್ದೇನೆ. ಮೀಟರ್ 40ರಿಂದ 50 ಶೇಕಡಾ ತೋರಿಸಿದರೆ ಸಾಕು. ನೀಲಿ ಜೆಲ್ ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಅಂತ. ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಪಾತ್ರೆಯಲ್ಲಿ ಮಾತ್ರ ಮಾಡಬೇಡಿ, ಆ ನೀಲಿ ಬಣ್ಣ ವಿಷ.

ಉಳಿದದ್ದು

ರಂಗನತಿಟ್ಟು ಮುಂದಕ್ಕೆ ಹೋಗಿದೆ. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ, ಕಾಯುವುದು ಬಿಟ್ಟರೆ ದಾರಿಯಿಲ್ಲ. ನಮ್ಮ ಹಕ್ಕಿ ಸ್ನೇಹಿತನ ಷರತ್ತೂ ದೊಡ್ಡದಿದೆ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದ ಫೋಟೊ ಬೇಡವಂತೆ. ಗೂಡಿಗೆ ಕಡ್ಡಿ ತಂದ ಹಕ್ಕಿಯನ್ನು ಗೂಡಿನಲ್ಲಿರುವುದು ಎದುರುಗೊಳ್ಳುವಾಗ ತೆಗೆಯಬೇಕಂತೆ. ದೋಣಿ ಅಲುಗುತ್ತದೆ, 1/2000 ಇಲ್ಲದೆ ಆಗುವುದಿಲ್ಲ.

ಪ್ರಿಂಟ್ ಕೆಲಸ ಶುರುವಾಗಿದೆ. ನಮ್ಮ ಕ್ಯಾಮೆರಾ ಫೋಟೊಗಳು 3:2 ಅಳತೆಯವು, ಆದ್ದರಿಂದ 12x18 ಇಂಚು ಹಾಳೆಗೆ ಕತ್ತರಿಸದೆ ಕೂರುತ್ತವೆ. ಮೊದಲ ಪರೀಕ್ಷೆಯ ಪ್ರಿಂಟ್ ಕತ್ತಲಾಗಿ ಬಂತು. ಲ್ಯಾಬಿನ ಹುಡುಗ ನಕ್ಕು, "ಸಾರ್, ನಿಮ್ಮ ಲ್ಯಾಪ್‌ಟಾಪ್ ಬ್ರೈಟ್‌ನೆಸ್ ಪೂರ್ತಿ ಇಟ್ಕೊಂಡಿದ್ದೀರಾ" ಅಂದ. ಹೌದು. ಅರ್ಧಕ್ಕೆ ಇಳಿಸಿ ಗರಡಿ ಫೋಟೊ ಮತ್ತೆ ತಿದ್ದಿದೆ, ಹಿಮ್ಮಡಿಯ ನೆರಳಿನಲ್ಲಿ ಮಣ್ಣಿನ ಕಣ ಕಾಣುವಷ್ಟು. ಕಾಗದ ಮ್ಯಾಟ್. ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ, ಫೋಟೊ ಕಾಣುವುದಿಲ್ಲ.

ಮುಂದಿನದು ದಸರಾ ಗೊಂಬೆ. ಗೊಂಬೆ ಕೂರಿಸುವ ಅತ್ತೆಯವರ ಹತ್ತಿರ ಮರದ ಪಟ್ಟದ ಗೊಂಬೆಗಳಿವೆ, ಅವರ ಅಜ್ಜಿಯ ಕಾಲದವು. ಮೆಟ್ಟಿಲ ಮೇಲೆ ಎಲ್ಲ ಜೋಡಿಸಿ ಆದ ಮೇಲೆ ಬರಲಾ ಅಂತ ಫೋನ್ ಮಾಡಿದೆ. "ಆಗ ಊರೆಲ್ಲ ಬಂದು ಫೋಟೊ ತಗೋತಾರಪ್ಪ, ನೀನ್ಯಾಕೆ? ಅಟ್ಟದಿಂದ ಪೆಟ್ಟಿಗೆ ಇಳಿಸೋ ದಿನ ಬಾ. ಹಳೇ ಸೀರೇಲಿ ಸುತ್ತಿಟ್ಟಿರ್ತೀನಿ, ರಾಜಾ ರಾಣಿ ಮುಖ ಮೊದಲು ನೋಡೋದು ಅವತ್ತೇ" ಅಂದರು. ಜೊತೆಗೆ, ಪೆಟ್ಟಿಗೆ ಭಾರ ಇದೆ, ಇನ್ನೊಬ್ಬರನ್ನೂ ಕರ್ಕೊಂಡು ಬಾ ಅಂದರು. ರೈಲು ಗೆಳೆಯನಿಗೆ ಹೇಳಿಟ್ಟಿದ್ದೇನೆ.