ಸಿವಿಲ್ ಓದಿಸಬೇಕು, ಡಿಪ್ಲೊಮಾನಾ ಬಿಇನಾ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಹುಡುಗನಿಗೆ ಕಟ್ಟಡದ ಕೆಲಸ ಅಂದ್ರೆ ಇಷ್ಟ. ಸಿವಿಲ್ ಡಿಪ್ಲೊಮಾಗೆ ಹಾಕೋದಾ, ಇಲ್ಲಾ ಪಿಯುಸಿ ಸೈನ್ಸ್ ಓದಿಸಿ ಬಿಇ ಮಾಡಿಸೋದಾ?" ಕಟ್ಟಡದ ಗುತ್ತಿಗೆ ಮಾಡಿಸುವವನಿಗೆ ಗೊತ್ತಿರುತ್ತೆ ಅನ್ನೋ ನಂಬಿಕೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಂದ್ಸಲ ಬರೆದಿಟ್ಟರೆ ಮುಂದೆ ಲಿಂಕ್ ಕಳಿಸಿ ಸುಮ್ಮನಾಗಬಹುದು.

ಸೈಟಿನಲ್ಲಿ ನಿಂತು ಕೆಲಸ ಮಾಡಿಸುವ ಆಸೆ ಇದ್ದರೆ ಮೊದಲು ಡಿಪ್ಲೊಮಾ, ಆಮೇಲೆ ಬೇಕಿದ್ದರೆ ಬಿಇ. ಇದೇ ನನ್ನ ಉತ್ತರ.

ವರ್ಷ ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು, ಬಿಇ ನಾಲ್ಕು, ಒಟ್ಟು ಆರು. ಡಿಪ್ಲೊಮಾ ಮೂರು, ಆಮೇಲೆ ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು. ಅದೂ ಆರೇ. ಡಿಪ್ಲೊಮಾ ಮಾಡಿದರೆ ಒಂದು ವರ್ಷ ಹಾಳು ಅಂತ ಊರಲ್ಲಿ ಯಾರು ಹಬ್ಬಿಸಿದರೋ! ವ್ಯತ್ಯಾಸ ಇರುವುದು ನಡುದಾರಿಯಲ್ಲಿ. ಮನೆಯಲ್ಲಿ ಏನೋ ಕಷ್ಟ ಬಂತು, ಓದು ನಿಲ್ಲಿಸಬೇಕಾಯ್ತು ಅನ್ನಿ. ಪಿಯುಸಿ ಮುಗಿಸಿ ಒಂದು ವರ್ಷ ಬಿಇ ಓದಿದವನ ಕೈಯಲ್ಲಿ ಕೆಲಸ ಕೊಡಿಸುವಂಥ ಕಾಗದ ಯಾವುದೂ ಇರುವುದಿಲ್ಲ. ಅಷ್ಟೇ ವರ್ಷಕ್ಕೆ ಡಿಪ್ಲೊಮಾದವನಿಗೆ ಸೈಟಿನಲ್ಲಿ ಕೆಲಸ ಸಿಗುತ್ತದೆ. ಸಿಪಿಡಬ್ಲ್ಯುಡಿ, ಎಂಇಎಸ್, ಬಿಆರ್‌ಓ ಅನ್ನುವ ಕೇಂದ್ರ ಸರ್ಕಾರದ ನಿರ್ಮಾಣ ಇಲಾಖೆಗಳಿಗೆ ಕಿರಿಯ ಎಂಜಿನಿಯರುಗಳನ್ನು ತೆಗೆದುಕೊಳ್ಳುವ ಎಸ್‌ಎಸ್‌ಸಿ ಜೆಇ ಪರೀಕ್ಷೆಯನ್ನೂ ಡಿಪ್ಲೊಮಾದ ಮೇಲೆ ಬರೆಯಬಹುದು, ಕೆಲವು ಇಲಾಖೆಗಳು ಜೊತೆಗೆ ಕೆಲಸದ ಅನುಭವವನ್ನೂ ಕೇಳುತ್ತವೆ. ಏಳನೇ ವೇತನ ಆಯೋಗದ ಪ್ರಕಾರ ಆ ಹುದ್ದೆಯ ಮೂಲ ವೇತನವೇ 35,400 ರೂಪಾಯಿಯಿಂದ ಶುರು. ನಮ್ಮ ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಹುದ್ದೆಯೂ ಡಿಪ್ಲೊಮಾದವರದ್ದೇ.

ಈ ದಾರಿಯಲ್ಲೂ ಒಂದು ಮುಳ್ಳಿದೆ, ಅದು ಗಣಿತ. ಪಿಯುಸಿಯಲ್ಲಿ ಎರಡು ವರ್ಷ ಕ್ಯಾಲ್ಕುಲಸ್ ತಿಕ್ಕಿ ಬಂದವರ ಪಕ್ಕ ಡಿಪ್ಲೊಮಾ ಹುಡುಗರು ಬಿಇ ಮೂರನೇ ಸೆಮಿಸ್ಟರಿನಲ್ಲಿ ತಡವರಿಸುವುದು ಮಾಮೂಲು. ಹಾಗಾಗಿ ಎತ್ತರದ ಕಟ್ಟಡ, ಸೇತುವೆಗಳ ಸ್ಟ್ರಕ್ಚರಲ್ ಡಿಸೈನೇ ಮಾಡಬೇಕು, ಗೇಟ್ ಪರೀಕ್ಷೆ ಬರೆದು ಎಂಟೆಕ್‌ಗೆ ಹೋಗಬೇಕು ಅನ್ನುವ ಮಕ್ಕಳು ಪಿಯುಸಿ ಹಾದಿಯಲ್ಲೇ ಹೋಗಲಿ. ಮನೆಯ ಅಂದಚಂದ, ಗಾಳಿ ಬೆಳಕಿನ ಮೇಲೆ ಕಣ್ಣಿದ್ದರೆ ಅದು ಆರ್ಕಿಟೆಕ್ಚರ್. ನಾಟಾ ಅನ್ನುವ ಪ್ರವೇಶ ಪರೀಕ್ಷೆ, ಐದು ವರ್ಷದ ಓದು, ಅದರ ಕಥೆಯೇ ಬೇರೆ.

ಸೈಟಿಗೆ ಡಿಪ್ಲೊಮಾ ಯಾಕೆ ಅನ್ನುತ್ತೀನಿ ಅನ್ನೋದಕ್ಕೆ ಮೋಲ್ಡ್, ಅಂದರೆ ತಾರಸಿ ಕಾಂಕ್ರೀಟ್, ಹಾಕುವ ದಿನದ್ದೇ ಒಂದು ಉದಾಹರಣೆ. ಬೆಳಿಗ್ಗೆ ಆರಕ್ಕೆ ಮಿಕ್ಸರ್ ಶುರು. ಕಾಂಕ್ರೀಟ್ ಸ್ವಲ್ಪ ಗಟ್ಟಿ ಇದ್ದರೆ ಎಳೆಯುವುದು ಕಷ್ಟ, ಬಾಂಡ್ಲಿ ಎತ್ತುವವರು ಬೈಯುತ್ತಾರೆ, ಮೇಸ್ತ್ರಿ "ಒಂದು ಬಕೆಟ್ ನೀರು ಬಿಡೋ" ಅನ್ನುತ್ತಾನೆ. 50 ಕೆಜಿ ಮೂಟೆ ಸಿಮೆಂಟಿಗೆ 25 ಲೀಟರ್ ನೀರು ಅಂತ ಇಟ್ಟುಕೊಂಡಿದ್ದರೆ ನೀರು-ಸಿಮೆಂಟ್ ಅನುಪಾತ 0.5. ಇನ್ನೊಂದು ಹತ್ತು ಲೀಟರ್ ಬಕೆಟ್ ಸುರಿದರೆ ಅದು 0.7. ಆ ಹೆಚ್ಚಿನ ನೀರು ಒಣಗಿದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ, ಗಟ್ಟಿತನ ಇಳಿಯುತ್ತದೆ. ಅವತ್ತು ಏನೂ ಕಾಣುವುದಿಲ್ಲ. ಅದೇ ಕಾಂಕ್ರೀಟಿನಲ್ಲಿ 150 ಮಿಲಿಮೀಟರ್ ಕ್ಯೂಬ್ ಹಾಕಿಟ್ಟು 28ನೇ ದಿನ ಮೆಷಿನ್‌ನಲ್ಲಿ ಒತ್ತಿ ಒಡೆದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಮೇಲಿನ ಮಹಡಿ ಎದ್ದಿರುತ್ತದೆ. ಇಪ್ಪತ್ತು ವರ್ಷದಿಂದ ಮನೆ ಕಟ್ಟುತ್ತಿರುವ ಮೇಸ್ತ್ರಿಗೆ "ಬೇಡ ಮೇಸ್ತ್ರಿ, ಜಾಸ್ತಿ ನೀರು ಬೇಡ" ಅನ್ನಲು, ಅಂದಮೇಲೂ ಅವನ ಜೊತೆ ಚೆನ್ನಾಗಿರಲು, ಅಭ್ಯಾಸ ಬೇಕು. ಆ ಅಭ್ಯಾಸ ಹತ್ತೊಂಬತ್ತಕ್ಕೆ ಶುರುವಾದರೆ ಒಳ್ಳೆಯದು. ಇಪ್ಪತ್ತೆರಡಕ್ಕೆ ಸೀದಾ ಎಂಜಿನಿಯರ್ ಆಗಿ ಬಂದವರು ಒಂದೋ ಹೆದರುತ್ತಾರೆ, ಇಲ್ಲವೋ ಕೂಗಾಡುತ್ತಾರೆ.

ಇನ್ನು ಸಂಬಳ. ಖಾಸಗಿ ಸೈಟಿನಲ್ಲಿ ಹೊಸಬರಿಗೆ ಕೊಡುವುದು ಕಮ್ಮಿ. ಒಳ್ಳೆಯ ಗಾರೆ ಮೇಸ್ತ್ರಿಯ ತಿಂಗಳ ಕೂಲಿ ಲೆಕ್ಕ ಹಾಕಿದರೆ ಎಷ್ಟೋ ಸಲ ಹೊಸ ಎಂಜಿನಿಯರಿಗಿಂತ ಅದೇ ಜಾಸ್ತಿ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲ ಮೂರ್ನಾಲ್ಕು ವರ್ಷ ಬಿಸಿಲು, ಧೂಳು, ಭಾನುವಾರವೂ ಕೆಲಸ. ಅಲ್ಲಿಂದ ಮೇಲೆ ಏರುವವರು ಯಾರು ಅಂದರೆ ಅಳತೆ ಮತ್ತು ಲೆಕ್ಕ ಬಲ್ಲವರು. ಲಾರಿಯಲ್ಲಿ ಕಬ್ಬಿಣ ಬಂತು, ತೂಕದ ಚೀಟಿ ಕೊಟ್ಟರು. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ಕಂಬಿಗೆ 0.89 ಕೆಜಿ, ಹನ್ನೆರಡು ಮೀಟರಿನ ಒಂದು ಉದ್ದಕ್ಕೆ ಹತ್ತೂಮುಕ್ಕಾಲು ಕೆಜಿ ಹತ್ತಿರ. ಕಂಬಿ ಎಣಿಸಿ, ಗುಣಿಸಿ, ಚೀಟಿಗೆ ತಾಳೆ ನೋಡುವ ಹುಡುಗನನ್ನು ಯಾವ ಗುತ್ತಿಗೆದಾರನೂ ಬಿಟ್ಟುಕೊಡುವುದಿಲ್ಲ. ಬಿಲ್ಲಿಂಗ್, ಕ್ವಾಂಟಿಟಿ ಸರ್ವೇ (ಸಾಮಾನು, ಕೆಲಸದ ಅಳತೆ-ಲೆಕ್ಕ), ಪ್ಲಾನಿಂಗ್ ಅನ್ನುವ ಕುರ್ಚಿಗಳಿಗೆ ದಾರಿ ಇದೇ. ಆಟೊಕ್ಯಾಡ್, ರೆವಿಟ್, ಪ್ರಿಮವೆರಾ ಸಾಫ್ಟ್‌ವೇರ್ ಎಲ್ಲಾ ಕಲಿಯಲಿ, ಆದರೆ ಟೇಪ್ ಹಿಡಿಯಲು ಬಂದಮೇಲೆ.

ಓದಿನಲ್ಲಿ ಅಷ್ಟಕ್ಕಷ್ಟೇ ಅನ್ನುವ ಮಕ್ಕಳ ಅಪ್ಪ-ಅಮ್ಮ ಐಟಿಐ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ನನಗೆ ಅದು ಅರ್ಥವಾಗುವುದಿಲ್ಲ. ಸರ್ವೇಯರ್, ಡ್ರಾಫ್ಟ್ಸ್‌ಮನ್ ಸಿವಿಲ್ ಎರಡೂ ಎರಡು ವರ್ಷದ ಟ್ರೇಡು. ಮುಗಿಸಿದವರು ಅಲ್ಲಿಂದ ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಜಾಗ ಅಳೆಯುವ ಉಪಕರಣ ಟೋಟಲ್ ಸ್ಟೇಷನ್ ಸರಿಯಾಗಿ ನಡೆಸಬಲ್ಲ ಸರ್ವೇಯರ್ ಸಿಗದೆ ಕೆಲಸ ನಿಂತಿರುವುದನ್ನು ನಾನು ನೋಡಿದ್ದೇನೆ. ಎಂಜಿನಿಯರ್ ಸಿಗದೆ ನಿಂತಿದ್ದು ನೋಡಿಲ್ಲ.

"ಹೆಣ್ಣುಮಗಳಿಗೆ ಸಿವಿಲ್ ಸರಿಹೋಗುತ್ತಾ?" ಅಂತಲೂ ಕೇಳುತ್ತಾರೆ. ಕೆಲಸಕ್ಕೇನೂ ಅಡ್ಡಿಯಿಲ್ಲ, ಅಡ್ಡಿ ಇರುವುದು ಸೈಟಿನಲ್ಲಿ ಶೌಚಾಲಯ ಇಲ್ಲದಿರುವುದು. ಶೌಚಾಲಯವನ್ನು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಕಡ್ಡಾಯ ಮಾಡಿತ್ತು. ಕೆಲಸಕ್ಕೆ ಸೇರುವ ಮುಂಚೆ ಮಗಳು ಅದನ್ನು ಬಾಯಿಬಿಟ್ಟು ಕೇಳಲಿ. ಕೇಳಿದ್ದಕ್ಕೆ ಕೆಲಸ ಇಲ್ಲ ಅನ್ನುವ ಕಂಪನಿ ಹೇಗೂ ಬೇಡ.

ಕಾಲೇಜು ಯಾವುದು ಅಂತ ಮಾತ್ರ ನನ್ನನ್ನು ಕೇಳಬೇಡಿ, ಹೋಗಿ ನೋಡಿ. ಕಟ್ಟಡ, ಕ್ಯಾಂಟೀನು, ಬಸ್ಸು ಬಿಡಿ. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ತೋರಿಸಿ ಅನ್ನಿ. ಕ್ಯೂಬ್ ಒಡೆಯುವ ಮೆಷಿನ್ ಈಗ ಓಡುತ್ತಾ, ಕಡೇ ಸಲ ಯಾವಾಗ ಕ್ಯೂಬ್ ಒಡೆದಿರಿ ಅಂತ ಕೇಳಿ, ರಿಜಿಸ್ಟರ್ ಇದ್ದರೆ ತಾರೀಖು ನೋಡಿ. ಹೊರಗೆ ಬಂದು ಕೊನೆಯ ವರ್ಷದ ಇಬ್ಬರು ಮಕ್ಕಳನ್ನು ಮಾತಾಡಿಸಿ: ಸರ್ವೇ ಪ್ರಾಕ್ಟಿಕಲ್‌ನಲ್ಲಿ ಒಂದು ಉಪಕರಣಕ್ಕೆ ಎಷ್ಟು ಜನ? ನಾಲ್ಕೈದು ಅಂದರೆ ಸೇರಿಸಿ. ಇಪ್ಪತ್ತು ಅಂದರೆ ಸರದಿ ಬರುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ, ಮುಂದಿನ ಕಾಲೇಜಿಗೆ ನಡೆಯಿರಿ.