ಕಾರ್ನಿಯಾದ ಮೇಲಿನ ಬಿಳಿ ಗೆರೆ

ಅಡಿಕೆ ಕೊಯ್ಲು ಶುರುವಾದ ಮೇಲೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ, ತಂಗಿಯ ಜೊತೆ ಕಣ್ಣಿನ ತಪಾಸಣೆಗೆ ಹೋಗಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರಿಗೂ ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಆಗಿತ್ತು. ನನ್ನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳು ಅಂತ ಪಿಆರ್‌ಕೆ ಅನ್ನುವ ಬಗೆ, ಅವಳಿಗೆ ಸ್ಮೈಲ್ ಅನ್ನುವ ಬಗೆ. ಬೋರ್ಡಿನ ಅಕ್ಷರಗಳನ್ನು ಇಬ್ಬರೂ ಕೊನೆಯ ಸಾಲಿನವರೆಗೆ ಓದಿದೆವು. ಆದರೆ ರಾತ್ರಿ ಎದುರಿಗೆ ಬಸ್ಸು ಬಂದರೆ ನನಗೆ ಮಾತ್ರ ಬೆಳಕು ಹರಡಿಕೊಂಡು ಕಾಣುತ್ತಿತ್ತು. "ಅಕ್ಷರ ಕಾಣ್ತದಲ್ಲ, ಇನ್ನೇನು ಬೇಕು?" ಅಂತಿದ್ದರು ಅಮ್ಮ.

ಡಾಕ್ಟರು ಆ ಮಾತನ್ನು ಒಪ್ಪಲಿಲ್ಲ, ಕಾರ್ನಿಯಾದ ಚಿತ್ರ ತೆಗೆಯುವ ಪೆಂಟಾಕ್ಯಾಮ್ ಯಂತ್ರದ ಮುಂದೆ ನನ್ನನ್ನೂ ತಂಗಿಯನ್ನೂ ಕೂರಿಸಿದರು. ಗಲ್ಲ ಊರಿದರೆ ನೀಲಿ ಬೆಳಕಿನ ಗೆರೆ ಒಂದು ಸುತ್ತು ತಿರುಗುತ್ತದೆ, ಎರಡು ಸೆಕೆಂಡಿನ ಕೆಲಸ. ಕಾರ್ನಿಯಾ ಎಷ್ಟು ಬೆಳಕನ್ನು ಹಿಂದಕ್ಕೆ ಚದುರಿಸುತ್ತದೆ ಅನ್ನುವುದನ್ನು ಅದು 0ಯಿಂದ 100ರ ಅಳತೆಯಲ್ಲಿ ಹೇಳುತ್ತದೆ. 0 ಅಂದರೆ ಪೂರ್ತಿ ತಿಳಿ. ನನ್ನ ಚಿತ್ರದಲ್ಲಿ ಮೇಲ್ಭಾಗಕ್ಕೆ ಅಂಟಿದಂತೆ ತೆಳುವಾದ ಬಿಳಿ ಗೆರೆಯೊಂದಿತ್ತು. ತಂಗಿಯದರಲ್ಲಿ ಅದು ಇರಲಿಲ್ಲ.

ಕಾರಣವನ್ನು ಅವರು ಬಿಡಿಸಿ ಹೇಳಿದರು. ಪಿಆರ್‌ಕೆಯಲ್ಲಿ ಕಾರ್ನಿಯಾದ ಸುಮಾರು 50 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಮೇಲ್ಪದರ ತೆಗೆದು, ಕೆಳಗೆ ನೇರವಾಗಿ ಎಕ್ಸೈಮರ್ ಲೇಸರ್ ಬಿಡುತ್ತಾರೆ. ಗಾಯ ಮಾಯುವಾಗ ಅಲ್ಲಿನ ಜೀವಕೋಶಗಳು ರೂಪ ಬದಲಿಸಿ ಬೆಳಕು ಚದುರಿಸುತ್ತವೆ, ಅದೇ ಮಬ್ಬು. ಲೇಸಿಕ್ ಅನ್ನುವ ಇನ್ನೊಂದು ಬಗೆಯಲ್ಲಿ ನೂರು ಮೈಕ್ರಾನಿನ ಆಸುಪಾಸಿನ ಪದರವನ್ನು ಮಗುಚಿ, ಒಳಗೆ ಕೆತ್ತಿ, ಮತ್ತೆ ಮುಚ್ಚುತ್ತಾರೆ. ಸ್ಮೈಲ್‌ನಲ್ಲಿ ಒಳಗೇ ಕತ್ತರಿಸಿದ ತುಣುಕನ್ನು 2ರಿಂದ 4 ಮಿಲಿಮೀಟರಿನ ಸೀಳಿನಿಂದ ಎಳೆಯುತ್ತಾರೆ. ಇವೆರಡರಲ್ಲೂ ಮೇಲ್ಮೈ ಬಹುಪಾಲು ಉಳಿಯುವುದರಿಂದ ಈ ಬಗೆಯ ಮಬ್ಬು ಕಡಿಮೆ. ಪಿಆರ್‌ಕೆ ಮಬ್ಬು ಮೊದಲ ಕೆಲವು ತಿಂಗಳಲ್ಲಿ ಏರಿ, ಸಾಮಾನ್ಯವಾಗಿ ವರ್ಷದೊಳಗೆ ಇಳಿಯುತ್ತದಂತೆ.

"ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಮಬ್ಬು ಜಾಸ್ತಿಯಾಗ್ತದೆ. ಅಡಿಕೆ ಹರವೋಕೆ ಚಪ್ಪರ ಹತ್ತೋವಾಗಲೂ ಕಪ್ಪು ಕನ್ನಡಕ ಬೇಕು. ಮೋಡ ಇದೆ ಅಂತ ತೆಗೀಬೇಡಿ," ಅಂದರು ಡಾಕ್ಟರು. ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳಲೇಬೇಕು. ಮೋಡ ಮುಸುಕಿದ ಮಲೆನಾಡಿನಲ್ಲಿ ಕಪ್ಪು ಕನ್ನಡಕವೆಂದರೆ ಶೋಕಿ ಅಂತಲೇ ನೋಡುತ್ತಾರೆ.

ಕನ್ನಡಕ ಬಿಡಲಿಲ್ಲ, ಬರೆದುಕೊಟ್ಟ ಸ್ಟಿರಾಯ್ಡ್ ಹನಿಯನ್ನು ಅವರು ಹೇಳಿದಂತೆಯೇ ಹಾಕಿ, ಮೆಲ್ಲಗೆ ಕಡಿಮೆ ಮಾಡಿದೆ. ಮುಂದಿನ ಮಳೆಗಾಲದ ತಪಾಸಣೆಯಲ್ಲಿ ಗೆರೆ ಬಹುತೇಕ ಕರಗಿತ್ತು, ಅಂಕಿ ತಂಗಿಯದರ ಹತ್ತಿರಕ್ಕೆ ಬಂದಿತ್ತು. ಭಾವನ ಮಗ ಈಗ ಯಾವುದು ಮಾಡಿಸಲಿ ಅಂತ ಕೇಳುತ್ತಿದ್ದಾನೆ. ಮೊದಲು ಕಾರ್ನಿಯಾದ ದಪ್ಪ ಅಳೆಸು, ಪಿಆರ್‌ಕೆ ಆಗಿ ಮೂರೇ ತಿಂಗಳಾದ ಯಾರದ್ದೋ ಕಣ್ಣು ನೋಡಿ ಅದು ಬೇಡ ಅನ್ನಬೇಡ ಅಂದಿದ್ದೇನೆ.